ಜೊಂಡು ಮೇಷ್ಟ್ರ ಕಿವಿ

ಜೊಂಡು ಮೇಷ್ಟ್ರ ಜೊತೆ ನಡೆಯಬೇಕಾದರೆ ಮೊದಲು ನಿಲ್ಲುವುದನ್ನು ಕಲಿಯಬೇಕಿತ್ತು. ಬಿರುಸಿನ ನಡಿಗೆ ಅವರದು. ಮುಂಗಾಲ ಮೇಲೆ ಭಾರ ಹಾಕಿ, ಸದ್ದಾಗದಂತೆ, ನೀರಿನಂಚಿನ ಕೊಕ್ಕರೆಯ ಹಾಗೆ ಮೊಣಕಾಲನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ಎತ್ತಿ ಇಡುವ ನಡಿಗೆ. ಹಾಗೆ ಹೋಗುತ್ತ ಹೋಗುತ್ತ, ಆಡುತ್ತಿದ್ದ ವಾಕ್ಯದ ಕ್ರಿಯಾಪದ ಇನ್ನೂ ಬಾಯಲ್ಲೇ ಇರುವಾಗ, ಗಕ್ಕನೆ ನಿಂತುಬಿಡುತ್ತಿದ್ದರು. ಎಡ ಅಂಗೈ ನಮ್ಮ ಎದೆಯೆದುರು ಏಳುತ್ತಿತ್ತು, ಕತ್ತು ಬಲಕ್ಕೆ ವಾಲುತ್ತಿತ್ತು, ಕಣ್ಣು ಅರ್ಧ ಮುಚ್ಚುತ್ತಿತ್ತು. ಬಸ್ಸು ಬರುತ್ತಿರುವ ರಸ್ತೆಯ ಮಧ್ಯದಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಒಮ್ಮೆಯಂತೂ ನಮ್ಮ ಪ್ರಾಂಶುಪಾಲರು ಅವರನ್ನೇ ನಿಲ್ಲಿಸಿಕೊಂಡು ಗದರಿಸುತ್ತಿದ್ದ ಹೊತ್ತಿನಲ್ಲಿ ಆ ಅಂಗೈ ಎದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ತಾಳಿ," ಎಂದರು ಪಿಸುದನಿಯಲ್ಲಿ. ಪ್ರಾಂಶುಪಾಲರು ತಾಳಿದರು. ಕಿಟಕಿಯಾಚೆ, ಯಾವುದೋ ಕೊಂಬೆಯ ಮರೆಯಲ್ಲಿ, ಹಕ್ಕಿಯೊಂದು ತನ್ನ ಮಾತು ಮುಗಿಸಿತು. ಆಮೇಲೆ ಮೇಷ್ಟ್ರು ಕೈ ಇಳಿಸಿ, ಅಷ್ಟೇ ವಿನಯದಿಂದ, "ಹೂಂ, ಈಗ ಬೈಯಿರಿ ಸಾರ್," ಎಂದರು.

ಜೊಂಡು ಎಂಬುದು ವಿದ್ಯಾರ್ಥಿಗಳು ಇಟ್ಟ ಹೆಸರು. ಊರಿನ ಅಂಚಿನಲ್ಲಿ, ಸರಕು ರೈಲುಗಳು ತಂಗುವ ಅಂಗಳದ ಹಿಂದೆ, ದೊಡ್ಡದೊಂದು ಜೌಗುನೆಲವಿತ್ತು. ಆಳೆತ್ತರದ ಜೊಂಡು ಬೆಳೆದು ಗಾಳಿಗೆ ಸಮುದ್ರದಂತೆ ಹೊಯ್ದಾಡುತ್ತಿದ್ದ ಆ ನೆಲದಲ್ಲಿ ಬೆಳಗಿನ ಜಾವವನ್ನು ಕಳೆದು, ಅಲ್ಲಿಂದ ನೇರವಾಗಿ ಮೊದಲ ತರಗತಿಗೆ ಬರುತ್ತಿದ್ದುದರಿಂದ ಅವರ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿಯೂ, ತಲೆಗೂದಲಲ್ಲಿ ಜೊಂಡುಹೂವಿನ ಹತ್ತಿ ಸಿಕ್ಕಿಕೊಂಡೂ ಇರುತ್ತಿತ್ತು. ಅವರು ಕಲಿಸುತ್ತಿದ್ದದ್ದು ಜೀವಶಾಸ್ತ್ರ; ನಾನು ಅದೇ ಕಾಲೇಜಿನಲ್ಲಿ ಸಾಹಿತ್ಯದ ಮೇಷ್ಟ್ರು, ಅವರಿಗಿಂತ ಕೆಲವು ವರ್ಷ ಕಿರಿಯ. ಜನ್ಮದಲ್ಲಿ ಒಂದು ಪದ್ಯವನ್ನೂ ಬರೆಯದ ನನ್ನನ್ನು ಅವರು "ಕವಿಗಳೇ" ಎಂದು ಕರೆಯುತ್ತಿದ್ದರು. ಬರೆಯದೇ ಇದ್ದು ನಾನು ಮಾಡಿದ ಉಪಕಾರಕ್ಕೆ ಏನಾದರೂ ಬಿರುದು ಬೇಡವೇ ಎಂಬುದು ಅದಕ್ಕೆ ಅವರ ಸಮರ್ಥನೆ.

ಪಾಚಿಬಣ್ಣಕ್ಕೆ ತಿರುಗಿದ ಒಂದು ಉಣ್ಣೆಯ ಕೋಟು ಅವರಲ್ಲಿತ್ತು. ಅದರ ಜೇಬುಗಳಿಗೆ ಕೈ ಹಾಕುವ ಧೈರ್ಯ ಅಗಸನಿಗೂ ಇರಲಿಲ್ಲ. ಇಲಿಯ ತಲೆಬುರುಡೆ ಸಮೇತ ಗೂಬೆ ಕಕ್ಕಿದ ಉಂಡೆ, ಹಾವಿನ ಪೊರೆಯ ಚೂರು, ಬೆಂಕಿಪೊಟ್ಟಣದೊಳಗೆ ಒಣಗಿದ ನೀರುನಾಯಿಯ ಹಿಕ್ಕೆ ಎಲ್ಲವೂ ಅಲ್ಲಿ ಸಹಬಾಳ್ವೆ ನಡೆಸುತ್ತಿದ್ದವು. ಸಿಬ್ಬಂದಿಯ ಕೊಠಡಿಯಲ್ಲಿ ಎಲ್ಲರೂ ಚಹಾ ಹಿಡಿದು ಕೂತಾಗ ಆ ಬೆಂಕಿಪೊಟ್ಟಣವನ್ನು ತೆರೆದು, ಕಡ್ಡಿಯಿಂದ ಕೆದಕಿ, "ನೋಡಿ, ನಿನ್ನೆ ಏಡಿ ತಿಂದಿದಾನೆ. ಅಂದ್ರೆ ಮೀನು ಆಳಕ್ಕೆ ಹೋಗಿವೆ," ಎಂದು ನೆರೆಮನೆಯವರ ಸುದ್ದಿ ಹೇಳುವಷ್ಟು ಸಹಜವಾಗಿ ಹೇಳುತ್ತಿದ್ದರು. ಗಣಿತದ ಮೇಡಂ ಆ ಕಾರಣಕ್ಕಾಗಿಯೇ ತಮ್ಮ ಕುರ್ಚಿಯನ್ನು ಬಾಗಿಲ ಬಳಿಗೆ ಸಾಗಿಸಿಕೊಂಡರು.

ಅವರ ಮಾತಿಗೊಂದು ಬಾಲವಿತ್ತು: "ನಾನು ಕಂಡಮಟ್ಟಿಗೆ." ಮಳೆ ಬರುತ್ತಿದೆ, ನಾನು ಕಂಡಮಟ್ಟಿಗೆ. ಈ ಹುಡುಗ ಓದಿಲ್ಲ, ನಾನು ಕಂಡಮಟ್ಟಿಗೆ. ಒಮ್ಮೆ ಅವರ ಮನೆಗೆ ಹೋಗಿ ತಂಗಿ ಇದ್ದಾರೆಯೇ ಎಂದು ಕೇಳಿದರೆ, ಒಳಗಿನಿಂದ ಆಕೆ ಪಾತ್ರೆ ತೊಳೆಯುವ ಸದ್ದು ಸ್ಪಷ್ಟವಾಗಿ ಬರುತ್ತಿದ್ದರೂ, "ಬೆಳಿಗ್ಗೆ ಇದ್ಲು, ನಾನು ಕಂಡಮಟ್ಟಿಗೆ," ಎಂದಿದ್ದರು. ನಾವೆಲ್ಲ ಇದನ್ನು ಆಡಿಕೊಂಡು ನಗುತ್ತಿದ್ದೆವು. ಆದರೆ ತಾನು ನೋಡಿದ್ದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ಹೇಳಬಾರದೆಂಬ ವ್ರತವನ್ನು ಮನುಷ್ಯನೊಬ್ಬ ಇಡೀ ಆಯುಷ್ಯ ಪಾಲಿಸುವುದು ಎಷ್ಟು ಕಷ್ಟವೆಂದು, ಅದರ ಬೆಲೆ ಎಷ್ಟೆಂದು, ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಆ ಜೌಗಿನಲ್ಲಿ ಅವರ ಪ್ರಾಣವಿದ್ದದ್ದು ಒಂದು ಪುಟ್ಟ ಹಕ್ಕಿಯಲ್ಲಿ. ಜೊಂಡಿನ ಉಲಿಯಕ್ಕಿ. ಹೆಬ್ಬೆರಳಿಗಿಂತ ತುಸು ದೊಡ್ಡದು, ಒಣಗಿದ ಜೊಂಡಿನದೇ ಬಣ್ಣ, ಸೌಂದರ್ಯದ ಯಾವ ಹಂಗೂ ಇಲ್ಲದ್ದು. ನಾಲ್ಕಾರು ಜೊಂಡುಕಡ್ಡಿಗಳನ್ನು ಸೇರಿಸಿ ನಾರಿನಿಂದ ಬಿಗಿದು ಬಟ್ಟಲಿನಂಥ ಗೂಡು ನೇಯುತ್ತದೆ. ಗಾಳಿ ಬೀಸಿದರೆ ಗೂಡು, ಮೊಟ್ಟೆ, ತಾಯಿ ಎಲ್ಲವೂ ಒಟ್ಟಿಗೆ ತೂಗುತ್ತವೆ. ಜೊಂಡಿನ ದಟ್ಟಣೆಯೊಳಗೆ ಅದನ್ನು ಕಣ್ಣಿನಿಂದ ಹಿಡಿಯುವುದು ಬಹುತೇಕ ಅಸಾಧ್ಯ. ಗಂಡುಹಕ್ಕಿ ಬೆಳಕು ಹರಿಯುವ ಹೊತ್ತಿಗೆ ಹಾಡುತ್ತದೆ. ಹಾಡೆಂದರೆ ದಾರದಷ್ಟು ಸಣ್ಣ, ಸೂಜಿಯಷ್ಟು ಚೂಪು, ಕೀಟದ ಸದ್ದೆಂದು ಯಾರೂ ಮೋಸ ಹೋಗಬಹುದಾದ ಒಂದು ಎಳೆ. ಆ ಎಳೆಗಳನ್ನು ಎಣಿಸುವುದೇ ಹಕ್ಕಿಗಳನ್ನು ಎಣಿಸುವ ಏಕಮಾತ್ರ ದಾರಿ. ಮೇಷ್ಟ್ರು ಪ್ರತಿ ವರ್ಷ ಗೂಡುಕಟ್ಟುವ ಕಾಲದಲ್ಲಿ ಜೌಗಿನ ಸುತ್ತ ಗೊತ್ತುಪಡಿಸಿದ ಜಾಗಗಳಲ್ಲಿ ಕಣ್ಣು ಮುಚ್ಚಿ ನಿಂತು ಎಣಿಸುತ್ತಿದ್ದರು. ಎಷ್ಟು ನೀರಿದ್ದರೆ ಎಷ್ಟು ಗೂಡು, ಎಷ್ಟು ಗೂಡಿದ್ದರೆ ಎಷ್ಟು ಮರಿ, ಜೊಂಡನ್ನು ಕೊಯ್ದ ವರ್ಷ ಯಾವ ಹುಳು ಕಾಣೆಯಾಗಿ ಯಾವ ಮರಿ ಹಸಿದು ಸತ್ತಿತು ಎಂಬುದೆಲ್ಲ ಅವರಿಗೆ ಸ್ವಂತ ಸಂಸಾರದ ಲೆಕ್ಕವಾಗಿತ್ತು. ಬೇರೆ ಸಂಸಾರ ಅವರಿಗೆ ಇರಲಿಲ್ಲ. ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ದುಡಿದು ನಿವೃತ್ತಳಾದ ತಂಗಿ, ಆಕೆಯೂ ಒಂಟಿ, ಮನೆ ನೋಡಿಕೊಳ್ಳುತ್ತಿದ್ದಳು. ಅಣ್ಣನ ಬೂಟುಗಳನ್ನು ಹೊಸ್ತಿಲಾಚೆ, ಅಣ್ಣನನ್ನು ಹೊಸ್ತಿಲೊಳಗೆ ಇಡುವುದೇ ತನ್ನ ಸಾಧನೆ ಎಂದು ಆಕೆ ಹೇಳುತ್ತಿದ್ದಳು.

ಅವರ ಶಿಷ್ಯರಲ್ಲಿ ಒಬ್ಬಳಿಗೆ ಮಾತ್ರ ಆ ಮನೆಯ ಅಡುಗೆಮನೆಯವರೆಗೆ ಸಲಿಗೆಯಿತ್ತು. ತರಗತಿಯಲ್ಲಿ ಸುಮ್ಮನೆ ಕೂರಲಾರದೆ ಏನಾದರೂ ಕೇಳುತ್ತಲೇ ಇರುತ್ತಿದ್ದ ಆಕೆಗೆ ಮೇಷ್ಟ್ರು 'ಪ್ರಶ್ನೆ' ಎಂದೇ ಹೆಸರಿಟ್ಟಿದ್ದರು. "ಪ್ರಶ್ನೆ ಇವತ್ತು ಬಂದಿಲ್ವಾ?" ಎಂದು ಹಾಜರಿ ಹಾಕುತ್ತಿದ್ದರು. ಆಕೆ ಓದು ಮುಗಿಸಿ, ಹೊರಗೆ ಹೋಗಿ ಇನ್ನಷ್ಟು ಓದಿ, ಪರಿಸರದ ಸಮೀಕ್ಷೆ ಮಾಡಿಕೊಡುವ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಮೇಷ್ಟ್ರು ನಿವೃತ್ತರಾದರು. ಜೌಗಿಗೆ ಹೋಗುವುದಕ್ಕೆ ನಿವೃತ್ತಿಯಿರಲಿಲ್ಲವಾದ್ದರಿಂದ ಅವರ ಬದುಕಿನಲ್ಲಿ ಬದಲಾದದ್ದು ಇಷ್ಟೇ, ಪ್ಯಾಂಟು ಒಣಗಲು ಸಮಯ ಸಿಗತೊಡಗಿತು.

ಆ ದಿನಗಳಲ್ಲೇ ಅವರು ಒಂದು ಸಂಜೆ ನನ್ನ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಆರಲು ಬಿಟ್ಟು, "ಕವಿಗಳೇ, ಉಲಿಯಕ್ಕಿ ಕಡಿಮೆ ಆಗ್ತಾ ಇವೆ," ಎಂದರು. ಕಳೆದ ವರ್ಷವೇ ಅನುಮಾನ ಬಂದಿತ್ತಂತೆ; ಈ ವರ್ಷ ಅದು ಖಚಿತವಾಯಿತಂತೆ. ಜೌಗಿನ ದಕ್ಷಿಣದ ಅಂಚಿಗೆ ಯಾರೋ ಮಣ್ಣು ಸುರಿದಿದ್ದರು. ಅದರಿಂದಲೇ ಇರಬೇಕೆಂದು ಅವರ ಊಹೆ. ವರ್ಷದಿಂದ ವರ್ಷಕ್ಕೆ ಅವರು ಇಳಿಮುಖವಾದ ಸಂಖ್ಯೆಗಳನ್ನು ತಂದು ನನಗೆ ಹೇಳುತ್ತಿದ್ದರು, ರೋಗಿಯ ಜ್ವರದ ಏರಿಳಿತವನ್ನು ಹೇಳುವವರ ಹಾಗೆ. ಅವರ ಮುಖ ಸೊರಗಿತು. ನಿಲ್ಲುವುದು ಹೆಚ್ಚಾಯಿತು, ಕೈಯೆತ್ತಿ, ಕತ್ತು ವಾಲಿಸಿ, ಮೊದಲಿಗಿಂತ ಬಹಳ ಹೊತ್ತು ನಿಂತು, ಏನೂ ಹೇಳದೆ ಮುಂದೆ ನಡೆಯುತ್ತಿದ್ದರು.

ಇದರ ನಡುವೆ ಗೋದಾಮು ಕಟ್ಟುವ ಸಂಸ್ಥೆಯೊಂದು ಜೌಗಿನ ಅರ್ಧಭಾಗವನ್ನು ಮಣ್ಣು ತುಂಬಿ ಸಮಮಾಡಲು ಅನುಮತಿ ಕೇಳಿತು. ಊರಿನ ಕೆಲವರು ಸೇರಿ ಆಕ್ಷೇಪಣೆ ಸಲ್ಲಿಸಿದರು. ಆಕ್ಷೇಪಣೆಯ ಬೆನ್ನೆಲುಬು ಮೇಷ್ಟ್ರ ಎಣಿಕೆ: ಅಂಚಿಗೆ ಮಣ್ಣು ಬಿದ್ದದ್ದಕ್ಕೇ ಹಕ್ಕಿ ಇಷ್ಟು ಕುಸಿದಿದೆ, ಅರ್ಧ ಮುಚ್ಚಿದರೆ ಉಳಿಯುವುದೇನು ಎಂಬ ಪ್ರಶ್ನೆ. ಸಂಸ್ಥೆಯ ಪರವಾಗಿ ಹಕ್ಕಿಗಳ ಸಮೀಕ್ಷೆ ಮಾಡುವ ಹೊಣೆ ಬಿದ್ದದ್ದು ಅದೇ ಶಿಷ್ಯೆಯ ಕಚೇರಿಗೆ. ಊರಿನವರು ಮೂಗು ಮುರಿದರು. ಮೇಷ್ಟ್ರು ಮಾತ್ರ ಸಮಾಧಾನಗೊಂಡರು. "ಪ್ರಶ್ನೆ ಎಣಿಸ್ತಾಳೆ ಅಂದ್ರೆ ನಿಶ್ಚಿಂತೆ. ಅವಳು ಯಾರ ಸಂಬಳ ತಗೊಂಡ್ರೂ ಹಕ್ಕಿಗೆ ಮೋಸ ಮಾಡಲ್ಲ," ಎಂದರು.

ಅಹವಾಲು ಸಭೆ ನಡೆದದ್ದು ಒಂದು ಸರಕಾರಿ ಕಚೇರಿಯ ಮಹಡಿಯ ಮೇಲಿನ ಕೋಣೆಯಲ್ಲಿ. ಉದ್ದನೆಯ ಮೇಜು, ಕಾಲು ಕುಂಟುವ ಕಬ್ಬಿಣದ ಕುರ್ಚಿಗಳು, ತಿರುಗಿದರೂ ಗಾಳಿ ಕೊಡದ ಫ್ಯಾನು. ಮೇಷ್ಟ್ರು ಆ ದಿನ ಕೋಟಿನ ಜೇಬುಗಳನ್ನು ಖಾಲಿ ಮಾಡಿ, ಕೂದಲು ಬಾಚಿ ಬಂದಿದ್ದರು. ನಾನು ಅವರ ಪಕ್ಕದಲ್ಲಿ ಕೂತಿದ್ದೆ, ಹಿಂದಿನ ಸಾಲಿನಲ್ಲಿ ಅವರ ತಂಗಿ. ಎದುರುಗಡೆ ಶಿಷ್ಯೆ ತಲೆ ತಗ್ಗಿಸಿ ಕೂತಿದ್ದಳು. ಮೇಷ್ಟ್ರು ದೂರದಿಂದಲೇ ನಕ್ಕು ಕೈಯಾಡಿಸಿದರೆ ಆಕೆ ಎದ್ದು ನಿಂತು ಮತ್ತೆ ಕೂತಳು. ಮೇಷ್ಟ್ರು ಸೊಗಸಾಗಿ ಮಾತಾಡಿದರು. ಜೊಂಡು ಊರಿನ ಕೊಳೆನೀರನ್ನು ಹೇಗೆ ಸೋಸುತ್ತದೆ, ಆ ನೀರಿನ ಹುಳುವನ್ನು ನಂಬಿ ಹಕ್ಕಿ ಹೇಗೆ ಬದುಕುತ್ತದೆ, ಒಂದು ಕಡೆ ಎಳೆ ಕಿತ್ತರೆ ಇನ್ನೊಂದು ಕಡೆ ನೇಯ್ಗೆ ಹೇಗೆ ಬಿಚ್ಚುತ್ತದೆ ಎಂಬುದನ್ನು ಕಚೇರಿಯ ಜವಾನನೂ ಬಾಗಿಲಿಗೆ ಒರಗಿ ಕೇಳುವಂತೆ ವಿವರಿಸಿದರು.

ಆಮೇಲೆ ಸಂಸ್ಥೆಯ ವಕೀಲರು ಎದ್ದರು. ಹಕ್ಕಿಗಳು ಕಡಿಮೆಯಾಗಿಲ್ಲ, ಮೇಷ್ಟ್ರ ಹಳೆಯ ಎಣಿಕೆಗಳಲ್ಲಿ ಇದ್ದಷ್ಟೇ ಇವೆ ಎಂದು ತಮ್ಮ ಸಮೀಕ್ಷೆ ಹೇಳುತ್ತದೆ ಎಂದರು. ಇದೇ ಋತುವಿನಲ್ಲಿ, ಮೇಷ್ಟ್ರು ನಿಂತು ಎಣಿಸುವ ಅದೇ ಜಾಗಗಳಲ್ಲಿ ಯಂತ್ರಗಳನ್ನಿಟ್ಟು ಹಿಡಿದ ಧ್ವನಿಯಿದೆ, ಕೇಳಿಸಬಹುದೇ ಎಂದರು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ತಲೆಯಾಡಿಸಿದರು. ವಕೀಲರು ಮೇಜಿನ ಮೇಲೆ ಒಂದು ಸ್ಪೀಕರ್ ಇಟ್ಟು ಗುಂಡಿ ಒತ್ತಿದರು.

ಮೇಷ್ಟ್ರು ಎಂದಿನಂತೆ ಅಂಗೈ ಎತ್ತಿ, ಕತ್ತು ವಾಲಿಸಿ, ಕಾದರು. ಸ್ವಲ್ಪ ಹೊತ್ತಾದ ಮೇಲೆ, "ಹಾಕಿ, ಕೇಳೋಣ," ಎಂದರು.

"ಹಾಕಿದೀವಿ ಸಾರ್," ಎಂದರು ವಕೀಲರು.

ಜೊಂಡಿನ ಉಲಿಯಕ್ಕಿಯ ಹಾಡು ಆ ಕೋಣೆಯ ತುಂಬ ಇತ್ತು. ಒಂದರ ಬೆನ್ನಿಗೆ ಒಂದು, ದೂರದಲ್ಲೊಂದು, ಹತ್ತಿರದಲ್ಲೊಂದು, ಬೆಳಗಿನ ಬೆಳಕನ್ನೇ ಸಣ್ಣಗೆ ಎಳೆದು ನೂತಂತೆ. ಮೇಷ್ಟ್ರು ಸುತ್ತ ನೋಡಿದರು. ಜೀವಮಾನವಿಡೀ ಪ್ರಾಣಿಗಳ ಕಿವಿ ನಿಮಿರುವುದನ್ನು, ಮೈ ಬಿಗಿಯುವುದನ್ನು ನೋಡಿ ಅವು ಏನನ್ನು ಕೇಳುತ್ತಿವೆ ಎಂದು ಓದಿದವರು ಅವರು. ಈಗ ಜನರ ಕತ್ತುಗಳನ್ನು ಓದಿದರು. ಅಧಿಕಾರಿಯ ಕತ್ತು ಸ್ಪೀಕರಿನ ಕಡೆ ಬಾಗಿತ್ತು. ಬರೆದುಕೊಳ್ಳುತ್ತಿದ್ದ ಗುಮಾಸ್ತೆಯ ಪೆನ್ನು ನಿಂತಿತ್ತು. ಜವಾನ ಒಂದು ಹೆಜ್ಜೆ ಒಳಗೆ ಬಂದಿದ್ದ. ಎದುರಿಗೆ ಶಿಷ್ಯೆ ಮುಖ ಮುಚ್ಚಿಕೊಂಡಿದ್ದಳು. ಅವರು ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳದಂತೆ, "ಇದೆಯಾ?" ಎಂದರು.

"ಇದೆ," ಎಂದೆ.

"ಬಹಳ ಇವೆಯಾ?"

ನಾನು ತಲೆಯಾಡಿಸಿದೆ.

ಆ ಕ್ಷಣದಲ್ಲಿ ಅವರ ಮುಖದಲ್ಲಿ ಮೊದಲು ಮೂಡಿದ್ದು ಸಂತೋಷ. ಇದನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ಸತ್ತರೆಂದುಕೊಂಡವರು ಬದುಕಿದ್ದಾರೆಂದು ತಿಳಿದಾಗ ಮೂಡುವ ಬೆಳಕು ಅದು. ಉಳಿದದ್ದೆಲ್ಲ ಅದರ ಹಿಂದೆಯೇ, ಒಂದೊಂದಾಗಿ, ಅರ್ಥವಾಗುತ್ತ ಹೋಯಿತು, ಮತ್ತು ಆ ಮುಖ ನನ್ನ ಕಣ್ಣೆದುರಿಗೇ ಮುದಿಯಾಯಿತು.

ನಮ್ಮ ಕಡೆಯ ವಕೀಲರು ಬಗ್ಗಿ, ಈಗ ಏನೂ ಹೇಳಬೇಡಿ, ಈ ಧ್ವನಿ ಬೇರೆ ಕಡೆಯದು ಎಂದು ತಕರಾರು ತೆಗೆಯಬಹುದು, ಸಮಯ ಕೇಳೋಣ ಎಂದು ಪಿಸುಗುಟ್ಟಿದರು. ಅಧಿಕಾರಿಯೂ ಸಜ್ಜನ, "ಬೇಕಾದರೆ ಲಿಖಿತವಾಗಿ ಉತ್ತರ ಕೊಡಿ, ಅವಸರವಿಲ್ಲ," ಎಂದರು. ಮೇಷ್ಟ್ರು ಎದ್ದು ನಿಂತರು.

"ಸಮಯ ಬೇಡ. ಅದು ನಮ್ಮ ಜೌಗಿನದೇ ಧ್ವನಿ. ಆ ಹುಡುಗಿ ಹೌದು ಅಂದ್ರೆ ಹೌದು," ಎಂದರು. "ಈಚಿನ ವರ್ಷಗಳ ನನ್ನ ಎಣಿಕೆ ತಪ್ಪು. ಹಕ್ಕಿ ಕಡಿಮೆ ಆಗಿಲ್ಲ, ನನ್ನ ಕಿವಿ ಹೋಗಿದೆ. ಆ ಎಣಿಕೇನ ನಿಮ್ಮ ಕಡತದಿಂದ ತೆಗೆದುಹಾಕಿ. ಆದರೆ ಮಣ್ಣು ತುಂಬಬೇಡಿ ಅನ್ನೋ ನನ್ನ ಮಾತನ್ನ ತೆಗೆಯಬೇಡಿ. ಅದು ತಪ್ಪಲ್ಲ."

ಎರಡನೆಯ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಮೊದಲನೆಯದು ಮಾರನೆಯ ದಿನದ ಪತ್ರಿಕೆಯಲ್ಲಿ ಬಂತು.

ಅವತ್ತು ಅವರ ಮನೆಗೆ ಮರಳಿದ ಮೇಲೆ ಮೇಷ್ಟ್ರು ಕೋಟು ಕಳಚದೆ ಹಜಾರದಲ್ಲಿ ಕೂತರು. ಅಡುಗೆಮನೆಯಲ್ಲಿ ತಂಗಿ ಒಲೆ ಹಚ್ಚದೆ ನಿಂತಿದ್ದಳು. ಮುದಿತನದಲ್ಲಿ ಕಿವಿ ಮೇಲಿನಿಂದ ಸಾಯುತ್ತ ಬರುತ್ತದೆ ಎಂದು ಆಕೆ ನನಗೆ ವಿವರಿಸಿದಳು. ಮಾತು ಕೇಳುತ್ತದೆ, ಬಾಗಿಲು ಬಡಿದರೆ ಕೇಳುತ್ತದೆ, ತೀರ ಸಣ್ಣದೂ ಚೂಪಾದದ್ದೂ ಮೊದಲು ಹೋಗುತ್ತದೆ, ಹೋದದ್ದು ಹೋದವರಿಗೇ ತಿಳಿಯುವುದಿಲ್ಲ. "ನಂಗೆ ಗೊತ್ತಾಗಿ ಬಹಳ ದಿನ ಆಯ್ತು," ಎಂದಳು. "ಒಂದ್ಸಲ ಜ್ವರ ಬಂದಿತ್ತು. ಬಾಯಿಗೆ ಥರ್ಮಾಮೀಟರ್ ಇಟ್ಟಿದ್ದೆ. ಅದು ಕೀಂ ಕೀಂ ಅಂತ ಕೂಗಿ ಕೂಗಿ ಸುಮ್ನಾಯ್ತು. ಅಣ್ಣ ಹಾಗೇ ಬಾಯಿ ಮುಚ್ಕೊಂಡು ಕೂತಿದ್ದ, ಕೂಗ್ಲಿ ಅಂತ ಕಾಯ್ತಾ. ಏನು ಹೇಳ್ಲಿ? ಇನ್ಮೇಲೆ ನಿನ್ನ ಹಕ್ಕಿ ನಿಂಗೆ ಕೇಳಲ್ಲ ಅಂತ ಹೇಳ್ಲಾ?"

ಇನ್ನೂ ಒಂದು ಮಾತಿತ್ತು. ಸಭೆಯ ಹಿಂದಿನ ವಾರ ಶಿಷ್ಯೆ ಮನೆಗೆ ಬಂದಿದ್ದಳಂತೆ, ಮೇಷ್ಟ್ರು ಇಲ್ಲದಾಗ. ಸರ್ ಒಮ್ಮೆ ತಮ್ಮ ಎಣಿಕೆಯನ್ನು ಬೇರೆ ಯಾರಿಂದಲಾದರೂ ಪರೀಕ್ಷಿಸಿಕೊಳ್ಳಲಿ, ದಯವಿಟ್ಟು ಹೇಳಿ, ನಾನೇ ಹೇಳುವ ಹಾಗಿಲ್ಲ ಎಂದು ಬೇಡಿಕೊಂಡು ಹೋಗಿದ್ದಳಂತೆ. ತಂಗಿ ಹೇಳಲಿಲ್ಲ. ಪ್ರತಿ ರಾತ್ರಿ ಊಟಕ್ಕೆ ಬಡಿಸುವಾಗ ಹೇಳಬೇಕೆಂದು ಬಾಯಿ ತೆರೆದು, ಇನ್ನು ಸ್ವಲ್ಪ ಸಾರು ಹಾಕಲೇ ಎಂದು ಕೇಳಿ ಸುಮ್ಮನಾಗುತ್ತಿದ್ದಳಂತೆ. ಇದನ್ನು ಹೇಳಿ ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುವ ಹೊತ್ತಿಗೆ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಎಷ್ಟನ್ನು ಕೇಳಿಸಿಕೊಂಡರೋ ತಿಳಿಯದು. "ನೀನು ಹೇಳಿದ್ರೂ ನಾನು ನಂಬ್ತಿರಲಿಲ್ಲ ಬಿಡು," ಎಂದರು. ನಂಬುತ್ತಿದ್ದರು. ಸಂದೇಹವನ್ನು ಹೇಳಿದವರ ಮಾತನ್ನು ಅವರು ಯಾವತ್ತೂ ತಳ್ಳಿಹಾಕಿದವರಲ್ಲ. ನಾನು ಬಲ್ಲಂತೆ ಅವರು ಆಡಿದ ಒಂದೇ ಸುಳ್ಳು ಅದು.

ಅನುಮತಿ ಸಿಕ್ಕಿತು. ಶಿಷ್ಯೆ ಒಂದು ಮಧ್ಯಾಹ್ನ ಬಂದು ಹೊಸ್ತಿಲಾಚೆ ನಿಂತಳು. ನಾನು ಅಲ್ಲೇ ಇದ್ದೆ. ಆಕೆ ಕೆಲಸ ಬಿಟ್ಟುಬಿಡುತ್ತೇನೆ ಎಂದಳು. ಮೇಷ್ಟ್ರಿಗೆ ಸಿಟ್ಟು ಬಂತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅಪರೂಪ. "ಎಣಿಸೋದು ಬಿಟ್ಟು ಏನ್ ಮಾಡ್ತೀಯ? ನಾನು ಸತ್ತ ಮೇಲೆ ಅವನ್ನ ಯಾರು ಎಣಿಸ್ತಾರೆ?" ಎಂದರು. ಆಮೇಲೆ ಮೆತ್ತಗಾಗಿ, ಯಂತ್ರ ಯಾವ ಎತ್ತರದಲ್ಲಿಟ್ಟೆ, ಗಾಳಿಯ ಸದ್ದನ್ನು ಹೇಗೆ ಬೇರ್ಪಡಿಸಿದೆ, ಪಶ್ಚಿಮದ ಮೂಲೆಯಲ್ಲಿ ಹಾಡುತ್ತಿದ್ದವೇ ಎಂದು ಒಂದೊಂದೇ ಕೇಳತೊಡಗಿದರು. ಆವತ್ತು ಪ್ರಶ್ನೆ ಕೇಳಿದವರು ಅವರು, ಉತ್ತರ ಕೊಟ್ಟವಳು ಆಕೆ. ಉತ್ತರಿಸುತ್ತ ಉತ್ತರಿಸುತ್ತ ಆಕೆಗೆ ಏನೋ ಹೊಳೆದು, ಚೀಲದಿಂದ ಕಂಪ್ಯೂಟರ್ ತೆಗೆದಳು. ಹಾಡನ್ನು ನಿಧಾನ ಮಾಡಬಹುದು, ನಿಧಾನ ಮಾಡಿದರೆ ಸ್ವರ ಕೆಳಗಿಳಿಯುತ್ತದೆ, ಆಗ ಸರ್ ಕಿವಿಗೆ ಎಟುಕಬಹುದು ಎಂದಳು.

ಕೇಳಿಸಿತು. ಸೂಜಿಯಂಥ ಹಾಡು ಈಗ ಯಾರೋ ಬಿದಿರಿನ ಕೊಳವೆಯಲ್ಲಿ ಊದಿದಂತೆ, ದಪ್ಪಗೆ, ಎಳೆದೆಳೆದು ಬರುತ್ತಿತ್ತು. ಮೇಷ್ಟ್ರು ಬೆಚ್ಚಿ ಕೂತರು. "ಇದೇನಮ್ಮಾ, ನನ್ನ ಹಕ್ಕಿಗೆ ನೆಗಡಿ ಆಗಿದೆಯಲ್ಲ," ಎಂದರು. ನಾವು ನಕ್ಕೆವು. ಇನ್ನೊಮ್ಮೆ ಹಾಕು ಎಂದರು. ಮತ್ತೊಮ್ಮೆ ಎಂದರು. ನಾಲ್ಕನೆಯ ಬಾರಿಗೋ ಐದನೆಯ ಬಾರಿಗೋ ಅವರ ಅಂಗೈ ಎದ್ದಿತು. ಹಾಡಿನ ಪ್ರತಿ ಸಾಲಿನ ಕೊನೆಯಲ್ಲಿ, ನಿಲ್ಲುವ ಮುನ್ನ, ಒಂದು ಸಣ್ಣ ಇಳಿತವಿತ್ತು, ಉಸಿರು ಸೋತು ಜಾರಿದಂತೆ. ಹಕ್ಕಿಯ ವೇಗದಲ್ಲಿ ಅದು ಯಾವ ಮನುಷ್ಯಕಿವಿಗೂ ದಕ್ಕುವಂಥದ್ದಲ್ಲ. "ಕಿವಿ ಚೆನ್ನಾಗಿದ್ದಾಗ ಇದು ಕೇಳಿರಲಿಲ್ಲ," ಎಂದರು. "ಇಷ್ಟು ವರ್ಷ ಪೂರ್ತಿ ಕೇಳಿದೀನಿ ಅಂದ್ಕೊಂಡಿದ್ದೆ." ಎದ್ದು ಕಿಟಕಿಯ ಬಳಿ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ತಂಗಿ ಚಹಾ ತಂದವಳು ಲೋಟಗಳನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಒಳಗೆ ಹೋದಳು.

ಲಾರಿಗಳು ಬಂದವು. ಜೌಗಿನ ಅರ್ಧ ಮುಚ್ಚಿತು. ಉಳಿದರ್ಧ ಉಳಿಯುತ್ತದೆ ಎಂದು ಕಾಗದದಲ್ಲಿತ್ತು. ಆದರೆ ನೀರು ಕಾಗದವನ್ನು ಓದುವುದಿಲ್ಲ. ಅದು ಬರುತ್ತಿದ್ದ ಹಾದಿ ಮಣ್ಣಿನಡಿ ಸೇರಿದ್ದರಿಂದ ಉಳಿದ ಜೊಂಡು ಬುಡದಲ್ಲಿ ಒಣಗತೊಡಗಿತು. ಈಗ ಹಕ್ಕಿ ನಿಜವಾಗಿ ಕಡಿಮೆಯಾಗುತ್ತ ಬಂತು. ಶಿಷ್ಯೆ ಎಣಿಸಿ, ತನ್ನ ಕಚೇರಿಯವರೊಡನೆ ಜಗಳವಾಡಿ, ವರದಿ ಕೊಟ್ಟಳು. ನಾನೂ ಮೇಷ್ಟ್ರೂ ಆ ವರದಿಯ ಪ್ರತಿ ಹಿಡಿದು ಅದೇ ಮಹಡಿ ಹತ್ತಿದೆವು. ಹಳೆಯ ಅಧಿಕಾರಿ ವರ್ಗವಾಗಿ ಹೋಗಿದ್ದರು. ಹೊಸಬರು ಕಡತ ತಿರುವಿ, ನಗುತ್ತ, "ಹಿಂದೆಯೂ ಹೀಗೇ ಕಡಿಮೆ ಆಗಿದೆ ಅಂತ ಬರ್ಕೊಟ್ಟಿದ್ರಲ್ಲ ಸಾರ್, ಆಮೇಲೆ ಸಿಕ್ಕಿದ್ವಲ್ಲ. ಇವೂ ಸಿಗ್ತವೆ ಬಿಡಿ," ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಒಬ್ಬ ಮುದುಕನಿಗೆ ಸಮಾಧಾನ ಹೇಳುವ ಪ್ರಾಮಾಣಿಕ ಪ್ರಯತ್ನವಿತ್ತು. ಮೇಷ್ಟ್ರು ಕೈಮುಗಿದರು. ಮೆಟ್ಟಿಲಿಳಿಯುವಾಗ ಮೊದಲ ಬಾರಿಗೆ ನನ್ನ ತೋಳು ಹಿಡಿದುಕೊಂಡರು.

ಅದರ ಮುಂದಿನ ಗೂಡುಕಟ್ಟುವ ಕಾಲದಲ್ಲಿ ಒಂದು ಬೆಳಿಗ್ಗೆ ನನ್ನನ್ನು ಎಬ್ಬಿಸಿ ಕರೆದೊಯ್ದರು. ಶಿಷ್ಯೆ ದೂರದ ಕೆಲಸದ ಮೇಲೆ ಹೋಗಿದ್ದಳು. ಇರುವ ಕಿವಿ ನನ್ನದೊಂದೇ. ಒಣಗಿದ ಜೊಂಡಿನ ಅಂಚಿನಲ್ಲಿ ನನ್ನ ಭುಜಗಳನ್ನು ಹಿಡಿದು, ಮುಖ ಎತ್ತ ಇರಬೇಕೆಂದು ತಿರುಗಿಸಿ, ಹಿಂದೆ ಸರಿದು ನಿಂತರು. ಬೆಳಕು ಬಂತು. ರೈಲು ಅಂಗಳದಲ್ಲಿ ಡಬ್ಬಿಗಳು ಗುದ್ದಿಕೊಂಡವು. ಗೋದಾಮಿನ ತಗಡಿನ ಛಾವಣಿ ಬಿಸಿಲಿಗೆ ಟಕಟಕ ಎಂದಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಏನಾದರೂ?"

"ಇಲ್ಲ."

ಇನ್ನೊಂದು ಜಾಗಕ್ಕೆ ಹೋದೆವು. ಅಲ್ಲಿಂದ ಇನ್ನೊಂದಕ್ಕೆ. ಎಲ್ಲ ಕಡೆಯೂ ನನ್ನದು ಅದೇ ಉತ್ತರ. ಒಂದು ಹಂತದಲ್ಲಿ ಸುಳ್ಳು ಹೇಳಿಬಿಡೋಣವೇ ಎನ್ನಿಸಿತು. ಆದರೆ ಅವರೆದುರಿಗೆ ಅದು ನಾಲಗೆಗೆ ಬರಲಿಲ್ಲ. ವಾಪಸು ಬರುವ ದಾರಿಯಲ್ಲಿ ಅವರು ಇದ್ದಕ್ಕಿದ್ದಂತೆ ಉತ್ಸಾಹಗೊಂಡರು. "ಕವಿಗಳೇ, ನಿಮಗೂ ವಯಸ್ಸಾಯ್ತಲ್ಲ," ಎಂದರು. "ನಿಮ್ಮ ಕಿವೀನೂ ಹೋಗಿರಬೇಕು." ಮುಖದಲ್ಲಿ ಎಂಥ ಆಸೆಯಿತ್ತೆಂದರೆ ನಾನೂ ಹಾಗೇ ಆಗಿರಲಿ ಎಂದು ಬಯಸಿದೆ.

ಅವರೇ ನನ್ನನ್ನು ಕಿವಿಯ ವೈದ್ಯರಲ್ಲಿಗೆ ಕರೆದೊಯ್ದರು. ಹೊರಗಿನ ಬೆಂಚಿನ ಮೇಲೆ, ಕೆಮ್ಮುವ ಮಕ್ಕಳ ನಡುವೆ, ಕೋಟಿನ ಗುಂಡಿ ತಿರುವುತ್ತ ಕೂತರು. ಒಳಗೆ ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ನನ್ನನ್ನು ಕೂರಿಸಿ, ಕಿವಿಗೆ ಮುಚ್ಚಳ ಹಾಕಿ, ಸಣ್ಣ ಸಣ್ಣ ಸದ್ದು ಕೇಳಿಸಿದರು. ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ನಾನು ಒತ್ತಿದೆ. ವೈದ್ಯೆ ಕಾಗದ ನೋಡಿ, ನಿಮ್ಮ ವಯಸ್ಸಿಗೆ ಇದು ಅದೃಷ್ಟ, ಚಿಂತೆ ಮಾಡಬೇಡಿ ಎಂದು ಬೆನ್ನು ತಟ್ಟಿದರು. ನಾನು ಹೊರಗೆ ಬಂದಾಗ ಮೇಷ್ಟ್ರು ಎದ್ದು ನಿಂತರು.

"ಚೆನ್ನಾಗಿದೆ ಅಂದ್ರಾ?"

"ಹೂಂ."

ಅವರು ಮತ್ತೆ ಬೆಂಚಿನ ಮೇಲೆ ಕೂತರು. ನಮ್ಮ ಪಕ್ಕದಲ್ಲಿದ್ದ ತಾಯಿಯೊಬ್ಬಳು, ವೈದ್ಯರು ಕೆಟ್ಟ ಸುದ್ದಿ ಹೇಳಿರಬೇಕೆಂದು ತಿಳಿದು, ಮಗುವನ್ನು ಆಚೆಗೆ ಸರಿಸಿಕೊಂಡು ನನಗೆ ಜಾಗ ಮಾಡಿಕೊಟ್ಟಳು. ಅವರು ಅಳಲಿಲ್ಲ. ಹೇಳುವುದಕ್ಕೆ ಇದ್ದದ್ದನ್ನೆಲ್ಲ ಅವರು ನಿಜವಲ್ಲದ ಕಾಲದಲ್ಲೇ ಹೇಳಿ ಮುಗಿಸಿದ್ದರು. ನಿಜವಾದಾಗ ಮಾತು ಖರ್ಚಾಗಿಹೋಗಿತ್ತು.

ಅಲ್ಲಿಂದಾಚೆಗೂ ಅವರು ಜೌಗಿಗೆ ಹೋಗುವುದನ್ನು ಬಿಡಲಿಲ್ಲ. ಕಿವಿ ಬೇಡದ್ದನ್ನು ನೋಡುತ್ತಿದ್ದರು: ಕೆಸರಿನ ಮೇಲಿನ ಹೆಜ್ಜೆ, ಜೇಡರ ಬಲೆ, ಹಳೆಯ ಗೂಡುಗಳ ಅವಶೇಷ. ನೀರುನಾಯಿ ಹೊರಟುಹೋಗಿದೆ ಎಂದು ಒಮ್ಮೆ ಹೇಳಿದರು, ದನಿ ಎತ್ತರಿಸದೆ. ಮರುವರ್ಷದ ಚಳಿಗಾಲದಲ್ಲಿ ನ್ಯುಮೋನಿಯ ಬಂತು. ತಂಗಿ ತಾನು ದುಡಿದ ಆಸ್ಪತ್ರೆಯಲ್ಲೇ, ತಾನು ಬಲ್ಲ ಹಾಸಿಗೆಗಳಲ್ಲೊಂದರಲ್ಲಿ, ಹಗಲು ರಾತ್ರಿ ಕೈಹಿಡಿದು ಕೂತಳು. ಶಿಷ್ಯೆ ಬಂದಳು, ಅವರು ಆಕೆಯನ್ನು ಗುರುತಿಸಿದರು. ಒಂದು ಮಧ್ಯಾಹ್ನ ತೀರಿಕೊಂಡರು. ಈಗ ಶಿಷ್ಯೆ ಬೇರೊಂದು ಊರಿನ ಬೇರೊಂದು ಕೆರೆಯಂಚಿನಲ್ಲಿ ಎಣಿಸುತ್ತಿದ್ದಾಳೆ; ಆಗಾಗ ತಂಗಿಯನ್ನು ನೋಡಲು ಬಂದರೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ಸಣ್ಣ ದನಿಯಲ್ಲಿ ಮಾತಾಡುತ್ತಾರೆ.

ಕಾಡುಜೀವಿಗಳ ಬೆನ್ನು ಹತ್ತಿ ಬದುಕು ಸವೆಸುವವರ ಕುಲವೇ ಬೇರೆ ಎಂದು ನನಗೆ ಈಚೆಗೆ ಅನ್ನಿಸುತ್ತದೆ. ಉಳಿದ ಪ್ರೀತಿಗಳಲ್ಲೆಲ್ಲ ಎದುರಿನವರು ಒಮ್ಮೆಯಾದರೂ ತಿರುಗಿ ನೋಡುತ್ತಾರೆ. ಇವರ ಪ್ರೀತಿಯಲ್ಲಿ ಅದಿಲ್ಲ. ಆ ಜೀವಿಗೆ ಇವರೆಂದರೆ ಹೆಚ್ಚೆಂದರೆ ದೂರವಿರಬೇಕಾದ ಒಂದು ನೆರಳು, ಅದರ ಬದುಕಿಗೆ ಭಂಗವಾಗದಂತೆ ಹಿಂದೆ ಸರಿಯುವುದೇ ಇವರ ಜೀವಿತದ ದೊಡ್ಡ ಕೌಶಲ. ಒಂದು ಪ್ರಾಣಿ ಇದೆ ಎಂದು ಇವರು ಲೋಕಕ್ಕೆ ಸಾಕ್ಷಿ ನುಡಿಯುತ್ತಾರೆ, ಕೊನೆಗೆ ಇಲ್ಲ ಎಂದೂ ಇವರೇ ನುಡಿಯಬೇಕಾಗುತ್ತದೆ, ಮತ್ತು ಆ ಎರಡನೆಯ ಸಾಕ್ಷ್ಯಕ್ಕೆ ಲೋಕದಲ್ಲಿ ಗಿರಾಕಿಗಳಿಲ್ಲ. ಮನುಷ್ಯ ಸತ್ತರೆ ಮನೆ ತುಂಬುತ್ತದೆ, ಚಪ್ಪಲಿಗಳು ಬಾಗಿಲ ಹೊರಗೆ ರಾಶಿಯಾಗುತ್ತವೆ, ಗುರುತಿಲ್ಲದವರೂ ಬಂದು ಒಂದು ಗಳಿಗೆ ಕೂತು ಹೋಗುತ್ತಾರೆ. ಒಂದು ಬಯಲಿನಿಂದ ಒಂದು ಹಾಡು ಪೂರ್ತಿ ಹೋದ ದಿನ ಯಾರ ಮನೆಗೆ ಹೋಗಿ ಕೂರಬೇಕೆಂದು ಯಾರಿಗೂ ತಿಳಿದಿರುವುದಿಲ್ಲ. ಅಂಥ ಮನೆ ಪ್ರತಿ ಊರಿನಲ್ಲೂ ಒಂದಾದರೂ ಇದ್ದೇ ಇರುತ್ತದೆ. ಅಲ್ಲಿ ಒಬ್ಬರು ಎಂದಿನಂತೆ ಎದ್ದು, ಮುಖ ತೊಳೆದು, ಹಾಲು ತರಲು ಹೊರಡುತ್ತಾರೆ. ಎದುರು ಸಿಕ್ಕ ನಾವು ಚೆನ್ನಾಗಿದ್ದೀರಾ ಎಂದು ಕೇಳುತ್ತೇವೆ, ಅವರು ಚೆನ್ನಾಗಿದ್ದೇನೆ ಎನ್ನುತ್ತಾರೆ, ನಾವು ನಂಬಿಕೊಂಡು ಮುಂದೆ ಹೋಗುತ್ತೇವೆ.